ಕಾರ್ಖಾನೆಯ ಆಶ್ರಯವೂ ಲೀಗಿನ ಹಿಂಬಡ್ತಿಯೂ: ಎಚ್.ಎ.ಎಲ್. ಕಾಲ್ಚೆಂಡಿನ ತಂಡದ ೨೦೧೧-೧೨ರ ಋತು

೧

ಬನಶಂಕರಿಯಿಂದ ಬಾದಾಮಿಗೆ ಐದು ಕಿಲೋಮೀಟರುಗಳಷ್ಟು ದಾರಿ. ಅಲ್ಲಿಯ ಬಂಡೆಯೊಂದರ ಮೇಲೆ ಪಲ್ಲವ ದೊರೆ ಒಂದನೆಯ ನರಸಿಂಹವರ್ಮನ ಶಾಸನವಿದೆ. ೬೪೨ರ ಸುಮಾರಿಗೆ ಅವನು ಇಮ್ಮಡಿ ಪುಲಕೇಶಿಯನ್ನು ಸೋಲಿಸಿ ವಾತಾಪಿಯನ್ನು ಹಿಡಿದುದಕ್ಕೆ ಇದು ಸಾಕ್ಷಿ. ಸೋತವರ ರಾಜಧಾನಿಯಲ್ಲಿ ಗೆದ್ದವನ ಲೇಖವಿರುವುದು ಸಹಜವೇ. ಆದರೆ ಇತಿಹಾಸದ ವಿದ್ಯಾರ್ಥಿ ಗಮನಿಸಬೇಕಾದ ಸಂಗತಿ ಇನ್ನೊಂದುಂಟು. ಸೋತ ಚಾಲುಕ್ಯ ಮನೆತನ ಆ ವಿಪತ್ತನ್ನು ತನ್ನ ಶಾಸನಗಳಲ್ಲಿ ಪ್ರಸ್ತಾಪಿಸಿದ್ದು ಒಂದನೆಯ ವಿಕ್ರಮಾದಿತ್ಯನು ರಾಜ್ಯವನ್ನು ಮರಳಿ ಪಡೆದ ಮೇಲೆಯೇ. ಮತ್ತೆ ಗೆದ್ದವರು ತಮ್ಮ ಸೋಲಿನ ಮಾತನ್ನೂ ಆಡಬಲ್ಲರು; ಮತ್ತೆ ಗೆಲ್ಲದವರ ಸೋಲಿಗೆ ಲೇಖಕರಿಲ್ಲ.

ಈ ಮಾತು ಅರಸುಮನೆತನಗಳಿಗೆ ಮಾತ್ರ ಸಲ್ಲುವಂಥದಲ್ಲ. ಕ್ರೀಡೆಯ ಚರಿತ್ರೆಯನ್ನು ಬರೆಯುವವರೂ ಪ್ರಾಯಶಃ ವಿಜಯಿಗಳ ಪಟ್ಟಿಯನ್ನೇ ಚರಿತ್ರೆಯೆಂದು ಭಾವಿಸುತ್ತಾರೆ. ೨೦೧೧-೧೨ರ ಭಾರತದ ಐ-ಲೀಗನ್ನು ಗೆದ್ದುದು ಗೋವೆಯ ಡೆಂಪೊ ತಂಡವೆಂಬುದು ಎಲ್ಲ ಪಟ್ಟಿಗಳಲ್ಲಿಯೂ ದೊರೆಯುತ್ತದೆ. ಅದೇ ಋತುವಿನ ಕೊನೆಗೆ ಹಿಂಬಡ್ತಿ ಹೊಂದಿ ರಾಷ್ಟ್ರೀಯ ಲೀಗಿನ ಮೊದಲ ದರ್ಜೆಯಿಂದ ಹೊರಬಿದ್ದ ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ತಂಡದ ಕಥೆ ಮಾತ್ರ ಒಂದು ಸಾಲಿನಲ್ಲಿ ಮುಗಿಯುತ್ತದೆ. ಆ ಒಂದು ಸಾಲನ್ನು ಬಿಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಅಂದು ಕೆಳಗಿಳಿದದ್ದು ಕೇವಲ ಹನ್ನೊಂದು ಜನರ ತಂಡವಲ್ಲ. ಸುಮಾರು ಅರ್ಧ ಶತಮಾನದ ಕಾಲ ಕರ್ನಾಟಕದ ಕಾಲ್ಚೆಂಡಾಟವನ್ನು ಸಾಕಿದ ಕಾರ್ಖಾನೆಯ ಆಶ್ರಯವೆಂಬ ಒಂದು ವ್ಯವಸ್ಥೆಯೇ ಅಂದು ಕೆಳಗಿಳಿಯಿತೆಂದು ಈ ಲೇಖಕನ ಅಭಿಪ್ರಾಯ.

೨

ಮೊದಲು ಹಿಂಬಡ್ತಿಯೆಂಬ ಪದ್ಧತಿಯ ಹುಟ್ಟನ್ನು ಸಂಗ್ರಹವಾಗಿ ಹೇಳಬೇಕು. ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯಲ್ಲಿ ಜನರಿಗೆ ಚಿರಪರಿಚಿತವಾದ ಆಟ ಕುಸ್ತಿ. ಜಾತ್ರೆಯ ಕಣದಲ್ಲಿ ಸೋತ ಪೈಲವಾನನು ಮೈಮೇಲಿನ ಮಣ್ಣು ಕೊಡವಿಕೊಂಡು ಗರಡಿಗೆ ಮರಳುತ್ತಾನೆ. ಮುಂದಿನ ಜಾತ್ರೆಯಲ್ಲಿ ಅದೇ ಜಟ್ಟಿಯೊಡನೆ ಮತ್ತೆ ಕೈಕೂಡಿಸಬಹುದು. ಸೋತವನು ಇನ್ನು ಮುಂದೆ ಕೆಳಗಿನ ಕಣದಲ್ಲಿ ಮಾತ್ರ ಆಡತಕ್ಕದ್ದೆಂಬ ಕಟ್ಟಳೆ ನಮ್ಮ ಆಟಗಳಲ್ಲಿ ಇರಲಿಲ್ಲ. ಅದು ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳಲ್ಲಿ ಹುಟ್ಟಿದುದು.

೧೮೮೮ರಲ್ಲಿ ಅಲ್ಲಿ ಹನ್ನೆರಡು ತಂಡಗಳ ಫುಟ್‌ಬಾಲ್ ಲೀಗು ಸ್ಥಾಪಿತವಾಯಿತು. ೧೮೯೨ರಲ್ಲಿ ಎರಡನೆಯ ದರ್ಜೆಯನ್ನು ಸೇರಿಸಿದರು. ಮೇಲಿನ ದರ್ಜೆಯ ಕಡೆಯ ತಂಡಗಳಿಗೂ ಕೆಳಗಿನ ದರ್ಜೆಯ ಮೊದಲ ತಂಡಗಳಿಗೂ ಋತುವಿನ ಕೊನೆಯಲ್ಲಿ ಪರೀಕ್ಷಾ ಪಂದ್ಯಗಳನ್ನು ಏರ್ಪಡಿಸಿ, ಯಾರು ಮೇಲೆ ಇರತಕ್ಕದ್ದೆಂಬುದನ್ನು ತೀರ್ಮಾನಿಸುತ್ತಿದ್ದರು. ೧೮೯೮ರಲ್ಲಿ ಸ್ಟೋಕ್ ಮತ್ತು ಬರ್ನ್ಲಿ ತಂಡಗಳು ಇಂತಹ ಪಂದ್ಯವೊಂದರಲ್ಲಿ ಎದುರಾದುವು. ಪಂದ್ಯ ಸಮವಾದರೆ ಇಬ್ಬರಿಗೂ ಮೇಲಿನ ದರ್ಜೆಯಲ್ಲಿ ಸ್ಥಾನ ಖಂಡಿತವೆಂಬ ಸ್ಥಿತಿ. ಯಾರೂ ಗೋಲು ಹೊಡೆಯಲಿಲ್ಲ, ಪಂದ್ಯ ಸಮವಾಯಿತು. ಆ ಬಳಿಕ ಪರೀಕ್ಷಾ ಪಂದ್ಯಗಳನ್ನು ಕೈಬಿಟ್ಟು, ಅಂಕಗಳ ಪಟ್ಟಿಯ ಪ್ರಕಾರವೇ ಕೆಳಗಿನವರು ಇಳಿಯುವ, ಮೇಲಿನವರು ಏರುವ ನಿಯಮವನ್ನು ತಂದರು. ಹಿಂಬಡ್ತಿಯ ಕಟ್ಟಳೆ ಹೀಗೆ ಅಪನಂಬಿಕೆಯಿಂದ ಹುಟ್ಟಿದುದು. ಆದರೂ ಅದರ ತಿರುಳು ನ್ಯಾಯವೇ. ಸ್ಥಾನವು ಹುಟ್ಟಿನಿಂದಲ್ಲ, ಹಣದಿಂದಲ್ಲ, ವರ್ಷದ ಆಟದಿಂದ ಬರತಕ್ಕದ್ದೆಂಬುದು ಅದರ ಅರ್ಥ.

ಭಾರತದಲ್ಲಿ ಬ್ರಿಟಿಷರು ಮೊದಲು ನೆಲೆಗೊಳಿಸಿದ ಪಂದ್ಯಾವಳಿಗಳು ಸೋತವರು ಅಂದೇ ಹೊರಬೀಳುವ ಬಗೆಯವು. ೧೮೮೮ರ ಡ್ಯುರಾಂಡ್, ೧೮೯೧ರ ರೋವರ್ಸ್, ೧೮೯೩ರ ಐ.ಎಫ್.ಎ. ಶೀಲ್ಡ್ ಇವೆಲ್ಲ ಅಂಥವೇ. ಲೀಗಿನ ಕ್ರಮ ೧೮೯೮ರಲ್ಲಿ ಕಲ್ಕತ್ತೆಯಲ್ಲಿ ಮೊದಲಾಯಿತು. ಅಲ್ಲಿಯ ಮೊಹಮೆಡನ್ ಸ್ಪೋರ್ಟಿಂಗ್ ತಂಡ ಮುಂಬಡ್ತಿ ಪಡೆದು ಮೇಲಿನ ದರ್ಜೆಗೆ ಬಂದ ೧೯೩೪ರಲ್ಲಿಯೇ ಲೀಗನ್ನು ಗೆದ್ದು, ೧೯೩೮ರವರೆಗೆ ಸತತವಾಗಿ ಐದು ವರ್ಷ ಅದನ್ನು ಬಿಟ್ಟುಕೊಡಲಿಲ್ಲ. ಏರುವ ಬಾಗಿಲು ತೆರೆದಿದ್ದರೆ ಏನಾಗಬಲ್ಲುದೆಂಬುದಕ್ಕೆ ಇದು ಉತ್ತಮ ನಿದರ್ಶನ.

೩

ಬೆಂಗಳೂರಿನ ಕಾಲ್ಚೆಂಡಾಟವು ದಂಡಿನ ಪ್ರದೇಶದಲ್ಲಿ ಬೇರೂರಿ ಬೆಳೆದುದು. ನಮ್ಮ ಈ ಭಾಗ ೧೯೫೬ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಆ ಪರಂಪರೆಗೆ ಹೊರಗಾಗಿಯೇ ಉಳಿಯಿತು. ಆದುದರಿಂದ ಇಲ್ಲಿಯ ವಾಚಕರಿಗೆ ಅದರ ಹಿರಿಮೆಯನ್ನು ನೆನಪಿಸುವುದು ಅನುಚಿತವಾಗದು. ಸೈನಿಕ ತಂಡಗಳೇ ಮೆರೆಯುತ್ತಿದ್ದ ರೋವರ್ಸ್ ಕಪ್ಪನ್ನು ೧೯೩೭ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಗೆದ್ದುಕೊಂಡಿತು. ೧೯೩೮ರಲ್ಲಿಯೂ ಅದನ್ನು ಉಳಿಸಿಕೊಂಡಿತು. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತವು ಫ್ರಾನ್ಸಿಗೆ ೨-೧ರಿಂದ ಸೋತಾಗ, ಭಾರತದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸಿನಲ್ಲಿ ಭಾರತದ ಮೊದಲನೆಯ ಗೋಲು ಅದು. ೧೯೫೬ರಲ್ಲಿ ಮೆಲ್ಬರ್ನಿನಲ್ಲಿ ನಾಲ್ಕನೆಯ ಸ್ಥಾನ ಪಡೆದ ಭಾರತ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯನವರಿದ್ದರು. ರಾಜ್ಯಗಳ ನಡುವಣ ಸಂತೋಷ್ ಟ್ರೋಫಿಯನ್ನು ಮೈಸೂರು ೧೯೪೬-೪೭, ೧೯೫೨-೫೩, ೧೯೬೭-೬೮, ೧೯೬೮-೬೯ರಲ್ಲಿ ಗೆದ್ದಿತು. ನಾಲ್ಕು ಸಲವೂ ಅಂತಿಮ ಪಂದ್ಯದಲ್ಲಿ ಸೋತುದು ಬಂಗಾಳ.

ಈ ಹಿರಿಮೆಯ ಉತ್ತರಾರ್ಧಕ್ಕೆ ಆಧಾರವಾದುವು ಕಾರ್ಖಾನೆಗಳು. ೧೯೪೦ರಲ್ಲಿ ವಾಲಚಂದ ಹಿರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಿಂದ ಸ್ಥಾಪಿಸಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಕ್ರಮೇಣ ಕೇಂದ್ರ ಸರ್ಕಾರದ ವಶಕ್ಕೆ ಬಂದು, ೧೯೬೪ರಲ್ಲಿ ಹಿಂದುಸ್ತಾನ್ ಏರೋನಾಟಿಕ್ಸ್ ಎಂಬ ಹೆಸರನ್ನು ತಳೆಯಿತು. ೧೯೪೮ರಲ್ಲಿ ದೂರವಾಣಿ ಕಾರ್ಖಾನೆ, ೧೯೫೩ರಲ್ಲಿ ಎಚ್.ಎಂ.ಟಿ., ೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾದುವು. ಸಾವಿರಾರು ಕಾರ್ಮಿಕರಿಗೆ ಮನೆ, ಶಾಲೆ, ಆಸ್ಪತ್ರೆಗಳೊಡನೆ ಆಟದ ಬಯಲನ್ನೂ ಒದಗಿಸಿದ ಬಡಾವಣೆಗಳು ಇವುಗಳ ಸುತ್ತ ಬೆಳೆದುವು. ೧೯೭೭ರಲ್ಲಿ ಎರ್ನಾಕುಳಂನಲ್ಲಿ ನಡೆದ ಪ್ರಥಮ ಫೆಡರೇಷನ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಬೆಂಗಳೂರಿನ ದೂರವಾಣಿ ಕಾರ್ಖಾನೆಯ ತಂಡ, ಅಂದರೆ ಐ.ಟಿ.ಐ., ಕಲ್ಕತ್ತೆಯ ಮೋಹನ್ ಬಾಗಾನನ್ನು ೧-೦ಯಿಂದ ಸೋಲಿಸಿತು. ಲಕ್ಷಾಂತರ ಅಭಿಮಾನಿಗಳುಳ್ಳ ತಂಡವನ್ನು ಒಂದು ಕಾರ್ಖಾನೆಯ ನೌಕರರು ಸೋಲಿಸಿದರು. ಕಾರ್ಖಾನೆಯ ಆಶ್ರಯದ ಶಕ್ತಿ ಎಷ್ಟೆಂಬುದು ಇದರಿಂದ ವಿಶದವಾಗುತ್ತದೆ.

೪

ಈ ಆಶ್ರಯದ ಸ್ವರೂಪವನ್ನು ತಿಳಿಯದೆ ೨೦೧೨ರ ಹಿಂಬಡ್ತಿಯನ್ನು ಅರ್ಥಮಾಡಿಕೊಳ್ಳಲಾಗದು. ಬನಶಂಕರಿಯ ಜಾತ್ರೆಯನ್ನು ಕಂಡವರಿಗೆ ಒಂದು ಹೋಲಿಕೆಯಿಂದ ಇದನ್ನು ಹೇಳಬಹುದು. ಪುಷ್ಯ ಮಾಸದ ಬನದ ಹುಣ್ಣಿಮೆಯ ಸುಮಾರಿಗೆ ಇಲ್ಲಿ ಹಲವು ನಾಟಕ ಕಂಪನಿಗಳು ಏಕಕಾಲಕ್ಕೆ ಡೇರೆ ಹೂಡುತ್ತವೆ. ಅವು ಬದುಕುವುದು ಪ್ರತಿ ರಾತ್ರಿಯ ಟಿಕೀಟಿನ ಹಣದಿಂದ. ಪ್ರೇಕ್ಷಕ ಬಂದರೆ ಉಂಟು, ಬಾರದಿದ್ದರೆ ಇಲ್ಲ. ಹಿಂದಿನ ಕಾಲದಲ್ಲಿ ಅರಮನೆಯ ಆಶ್ರಯದಲ್ಲಿದ್ದ ಮಂಡಳಿಗಳಿಗೆ ಈ ಚಿಂತೆ ಇರಲಿಲ್ಲ. ಕಲಾವಿದನ ಸಂಬಳ ಅರಮನೆಯದು. ಆದರೆ ಅರಮನೆಯ ಮನಸ್ಸು ತಿರುಗಿದರೆ ಮಂಡಳಿಯೂ ಮುಗಿಯಿತು. ವೃತ್ತಿಪರ ಕಾಲ್ಚೆಂಡಿನ ಕ್ಲಬ್ಬು ಮೊದಲನೆಯ ಬಗೆಯದು. ಕಾರ್ಖಾನೆಯ ತಂಡ ಎರಡನೆಯದು.

ಕಾರ್ಖಾನೆಯ ತಂಡದಲ್ಲಿ ಆಟಗಾರನು ಮೊದಲು ನೌಕರ, ಬಳಿಕ ಆಟಗಾರ. ಕ್ರೀಡಾ ಮೀಸಲಿನ ಮೇಲೆ ಅವನನ್ನು ಕೆಲಸಕ್ಕೆ ತೆಗೆದುಕೊಳ್ಳುವರು. ಪಂದ್ಯ, ಅಭ್ಯಾಸಗಳಿಗೆ ಕೆಲಸದಿಂದ ಬಿಡುವುಂಟು. ಸಂಬಳ, ಬಡ್ತಿ, ಭವಿಷ್ಯನಿಧಿಗಳು ಇತರ ನೌಕರರಿಗೆ ಇರುವಂತೆಯೇ. ಮೂವತ್ತೈದರ ಸುಮಾರಿಗೆ ಕಾಲು ಸೋತಾಗ ಅವನು ಬೂಟುಗಳನ್ನು ಕಳಚಿ ಯಂತ್ರದ ಮುಂದೆಯೋ ಕಛೇರಿಯ ಮೇಜಿನ ಮುಂದೆಯೋ ಕೂಡುತ್ತಾನೆ. ನಿವೃತ್ತಿಯವರೆಗೆ ಅನ್ನಕ್ಕೆ ಕೊರತೆಯಿಲ್ಲ. ಬಡ ಕುಟುಂಬದ ತಂದೆ ತನ್ನ ಮಗನಿಗೆ ‘ಹೋಗು, ಆಡು’ ಎಂದು ಧೈರ್ಯವಾಗಿ ಹೇಳಲು ಕಾರಣವಾದುದು ಈ ಭರವಸೆಯೇ. ಇಂದಿಗೂ ನಮ್ಮ ಜಿಲ್ಲೆಯ ಸೈಕಲ್ ಸ್ಪರ್ಧಿಗಳೂ ಕುಸ್ತಿಯ ಪಟುಗಳೂ ರೈಲ್ವೆಯ, ಸೈನ್ಯದ, ಪೊಲೀಸಿನ ಕೆಲಸಗಳ ಕಡೆ ಕಣ್ಣಿಟ್ಟೇ ಆಡುವರೆಂಬುದನ್ನು ಕಾಲೇಜಿನ ಅಧ್ಯಾಪಕರು ಬಲ್ಲರು.

ಆದರೆ ಗುಣದೊಡನೆ ದೋಷವೂ ಇತ್ತು. ಕಾಯಂ ನೌಕರನನ್ನು ಆಟ ಕುಂದಿತೆಂದು ಬದಲಿಸುವುದು ಸುಲಭವಲ್ಲ. ೧೯೯೧ರ ಆರ್ಥಿಕ ನೀತಿಯ ತರುವಾಯ ಸಾರ್ವಜನಿಕ ಉದ್ಯಮಗಳಲ್ಲಿ ಹೊಸ ನೇಮಕಗಳು ವಿರಳವಾದುವು. ಹೊಸಬರು ಬಾರದೆ ಹಳಬರು ವಯಸ್ಸಾಗುತ್ತ ಹೋದರೆ ತಂಡದ ಕಾಲು ಭಾರವಾಗುವುದು ಸಹಜ. ನೌಕರಿಯ ಭದ್ರತೆ ಆಟಗಾರನ ಹಸಿವನ್ನು ಕುಂದಿಸುವುದೆಂದು ವೃತ್ತಿಪರರು ಮಾಡುವ ಆಕ್ಷೇಪವೂ ಉಂಟು. ಅದನ್ನು ಪೂರ್ಣವಾಗಿ ತಳ್ಳಿಹಾಕುವಂತಿಲ್ಲ; ಆದರೆ ೧೯೭೭ರ ಐ.ಟಿ.ಐ. ತಂಡದವರಿಗೂ ಭದ್ರತೆಯಿದ್ದಿತೆಂಬುದನ್ನು ಮರೆಯಲಾಗದು. ಬದಲಾದುದು ಆಟಗಾರನ ಹಸಿವಲ್ಲ, ಅವನು ಎದುರಿಸಬೇಕಾದ ಪ್ರತಿಪಕ್ಷ.

೫

೧೯೯೬ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು ರಾಷ್ಟ್ರೀಯ ಲೀಗನ್ನು ಆರಂಭಿಸಿತು. ಅದರ ಮೊದಲ ವಿಜಯಿ ಪಂಜಾಬಿನ ಫಗ್ವಾರಾದ ಜೆ.ಸಿ.ಟಿ., ಅಂದರೆ ಒಂದು ಬಟ್ಟೆಯ ಗಿರಣಿಯ ತಂಡ. ಕಾರ್ಖಾನೆಯ ತಂಡಗಳೂ ಕ್ಲಬ್ಬುಗಳೂ ಒಂದೇ ಕಣದಲ್ಲಿ ಸರಿಸಾಟಿಯಾಗಿ ನಿಲ್ಲಬಹುದಾಗಿದ್ದ ಕಾಲವದು. ೨೦೦೭ರಲ್ಲಿ ರಾಷ್ಟ್ರೀಯ ಲೀಗು ಐ-ಲೀಗ್ ಎಂದು ಹೆಸರು ಬದಲಿಸಿಕೊಂಡು ವೃತ್ತಿಪರತೆಯ ಗುರಿಯನ್ನು ಘೋಷಿಸಿತು. ದೊಡ್ಡ ಸಂಬಳದ ವಿದೇಶೀ ಆಟಗಾರರು, ವರ್ಷವರ್ಷವೂ ತಂಡ ಬದಲಿಸುವ ಸ್ವದೇಶೀ ತಾರೆಗಳು ಮೇಲಿನ ಕ್ಲಬ್ಬುಗಳ ಬಲವಾದರು.

ಇಂತಹ ಲೀಗಿಗೆ ಎಚ್.ಎ.ಎಲ್. ತಂಡವು ೨೦೧೦ರಲ್ಲಿ ಎರಡನೆಯ ದರ್ಜೆಯಿಂದ ಒ.ಎನ್.ಜಿ.ಸಿ. ತಂಡದೊಡನೆ ಮುಂಬಡ್ತಿ ಪಡೆದು ಬಂದಿತು. ಏರಿದವೆರಡೂ ಸಾರ್ವಜನಿಕ ಉದ್ಯಮಗಳ ತಂಡಗಳೆಂಬುದು ಗಮನಾರ್ಹ. ಎಚ್.ಎ.ಎಲ್.ನ ಬಲವೆಲ್ಲ ಮುಖ್ಯವಾಗಿ ಸ್ಥಳೀಯ ಆಟಗಾರರಲ್ಲಿ, ನೌಕರ ಆಟಗಾರರಲ್ಲಿ ಇದ್ದಿತು. ವರ್ಷಗಟ್ಟಲೆ ಆ ತಂಡಕ್ಕಾಗಿ ಗೋಲುಗಳನ್ನು ಹೊಡೆದ ಆರ್.ಸಿ. ಪ್ರಕಾಶ್, ಭಾರತಕ್ಕಾಗಿಯೂ ಆಡಿದ ಕ್ಸೇವಿಯರ್ ವಿಜಯಕುಮಾರ್ ಇವರು ಅದರ ಮುಖ್ಯ ಆಧಾರಸ್ತಂಭಗಳು. ೨೦೧೦-೧೧ರ ಋತುವಿನಲ್ಲಿ ಹಿಂಬಡ್ತಿ ಹೊಂದಿದವು ಜೆ.ಸಿ.ಟಿ. ಮತ್ತು ಒ.ಎನ್.ಜಿ.ಸಿ.; ಎಚ್.ಎ.ಎಲ್. ಪಾರಾಯಿತು. ಹದಿನೈದು ವರ್ಷಗಳ ಹಿಂದೆ ರಾಷ್ಟ್ರೀಯ ಲೀಗಿನ ಮೊದಲ ವಿಜಯಿಯಾಗಿದ್ದ ತಂಡ ಕೆಳಗಿಳಿದು, ಹೊಸದಾಗಿ ಬಂದ ತಂಡ ಉಳಿಯಿತು. ಅಂದು ಬೆಂಗಳೂರಿನವರು ಇದನ್ನು ಶುಭಶಕುನವೆಂದು ಎಣಿಸಿದ್ದರೆ ಆಶ್ಚರ್ಯವಿಲ್ಲ.

ಮರುವರ್ಷದ ಋತು ೨೦೧೧ರ ಅಕ್ಟೋಬರಿನಲ್ಲಿ ಆರಂಭವಾಗಿ ೨೦೧೨ರ ಮೇ ತಿಂಗಳಲ್ಲಿ ಮುಗಿಯಿತು. ತಂಡಗಳು ಹದಿನಾಲ್ಕು, ಪ್ರತಿಯೊಂದಕ್ಕೂ ತನ್ನ ಊರಿನಲ್ಲಿ ಹದಿಮೂರು, ಪರ ಊರಿನಲ್ಲಿ ಹದಿಮೂರು, ಒಟ್ಟು ಇಪ್ಪತ್ತಾರು ಪಂದ್ಯಗಳು. ಬೆಂಗಳೂರಿನ ಅಶೋಕನಗರದ ಮೈದಾನದಲ್ಲಿ ಆಡಿದವರು ಮುಂದಿನ ವಾರ ಗೋವೆಯಲ್ಲಿಯೋ ಕಲ್ಕತ್ತೆಯಲ್ಲಿಯೋ ಶಿಲ್ಲಾಂಗಿನಲ್ಲಿಯೋ ಆಡಬೇಕು. ಸೋತರೆ ಹೊರಬೀಳುವ ಪಂದ್ಯಾವಳಿಯಲ್ಲಿ ಹನ್ನೊಂದು ಜನ ಸಮರ್ಥರಿದ್ದರೆ ನಾಲ್ಕೈದು ದಿನ ಮಿಂಚಬಹುದು. ಏಳು ತಿಂಗಳ ಲೀಗಿನಲ್ಲಿ ಗೆಲ್ಲಿಸುವುದು ಹನ್ನೊಂದು ಜನರಲ್ಲ, ಅವರ ಹಿಂದೆ ಕುಳಿತ ಮತ್ತೊಂದು ಹನ್ನೊಂದು. ಒಬ್ಬನ ಮೊಣಕಾಲಿಗೆ ಪೆಟ್ಟು ಬಿದ್ದರೆ ಅಷ್ಟೇ ಸಮರ್ಥನಾದ ಇನ್ನೊಬ್ಬನನ್ನು ತರುವ ಸಾಮರ್ಥ್ಯ ನೇಮಕದ ನಿಯಮಗಳಿಗೆ ಕಟ್ಟುಬಿದ್ದ ತಂಡಕ್ಕೆ ಎಲ್ಲಿಯದು? ಋತುವಿನ ನಡುವೆ ಆಟಗಾರರನ್ನು ಕೊಳ್ಳುವ ಕ್ಲಬ್ಬುಗಳ ಮುಂದೆ, ಇದ್ದವರನ್ನೇ ಇಟ್ಟುಕೊಂಡು ಅದು ಹೋರಾಡಬೇಕಾಯಿತು.

ಫಲಿತಾಂಶ ಎಲ್ಲರೂ ಬಲ್ಲುದೇ. ಎಚ್.ಎ.ಎಲ್. ಅಂಕಪಟ್ಟಿಯ ತಳಕ್ಕೆ ಇಳಿಯಿತು. ಅದರೊಡನೆ ಹಿಂಬಡ್ತಿ ಹೊಂದಿದ್ದು ಚಿರಾಗ್ ಯುನೈಟೆಡ್ ಕೇರಳ ತಂಡ. ಆ ಲೀಗಿನಲ್ಲಿಯೇ ಒಕ್ಕೂಟವು ಎಳೆಯರಿಗಾಗಿ ಕಟ್ಟಿದ ಏರೋಸ್ ತಂಡವೂ ಆಡುತ್ತಿದ್ದಿತು. ಅದು ಎಷ್ಟು ಸೋತರೂ ಅದಕ್ಕೆ ಹಿಂಬಡ್ತಿಯಿಲ್ಲವೆಂಬ ರಿಯಾಯತಿಯಿದ್ದಿತು. ಉದ್ದೇಶ ಒಳ್ಳೆಯದೇ. ಆದರೂ ವರ್ಷದ ಆಟವೇ ಸ್ಥಾನವನ್ನು ನಿರ್ಣಯಿಸತಕ್ಕದ್ದೆಂಬ ೧೮೯೮ರ ತತ್ತ್ವಕ್ಕೆ ಅದು ಹೊರತಾಗಿದ್ದುದನ್ನು ಇಲ್ಲಿ ಹೇಳದೆ ಬಿಡಲಾಗದು.

೬

ಒಂದು ಘಟನೆಯ ಅರ್ಥ ಅದರ ಆಚೀಚಿನ ಘಟನೆಗಳೊಡನೆ ಇಟ್ಟು ನೋಡಿದಾಗ ಸ್ಪಷ್ಟವಾಗುತ್ತದೆ. ಮುಂಬಯಿಯ ಮಹೀಂದ್ರ ಯುನೈಟೆಡ್ ತಂಡವನ್ನು ಅದರ ಸಂಸ್ಥೆ ೨೦೧೦ರಲ್ಲಿ ಮುಚ್ಚಿತು. ಹಿಂಬಡ್ತಿಯಾದ ೨೦೧೧ರಲ್ಲಿಯೇ ಜೆ.ಸಿ.ಟಿ. ತಂಡ ಮುಚ್ಚಿಹೋಯಿತು. ಚಿರಾಗ್ ಕೇರಳ ತಂಡ ೨೦೧೨ರ ಬಳಿಕ ಉಳಿಯಲಿಲ್ಲ. ಒ.ಎನ್.ಜಿ.ಸಿ. ತಂಡ ೨೦೧೨ರಲ್ಲಿ ಮತ್ತೆ ಮೇಲೇರಿತು; ಆದರೆ ೨೦೧೩ರಲ್ಲಿ ಏರ್ ಇಂಡಿಯಾ ಮತ್ತು ಒ.ಎನ್.ಜಿ.ಸಿ. ಇವೆರಡನ್ನೂ ಏಷ್ಯಾ ಒಕ್ಕೂಟದ ಕ್ಲಬ್ ಪರವಾನಗಿಯ ನಿಯಮಗಳನ್ನು ಪೂರೈಸಲಿಲ್ಲವೆಂಬ ಕಾರಣಕ್ಕೆ ಐ-ಲೀಗಿನಿಂದ ಹೊರಗಿಟ್ಟರು. ಕ್ಲಬ್ಬಿಗೆ ಸ್ವತಂತ್ರ ಕಾನೂನುಬದ್ಧ ಅಸ್ತಿತ್ವ, ಕಿರಿಯರ ತಂಡಗಳು, ಮೈದಾನ, ಲೆಕ್ಕಪತ್ರ ಇವೆಲ್ಲ ಇರತಕ್ಕದ್ದೆಂದು ಆ ನಿಯಮಗಳು ವಿಧಿಸುತ್ತವೆ. ಮಾತೃಸಂಸ್ಥೆಯ ಒಂದು ಅಂಗವಾಗಿಯೇ ಬದುಕಿದ ತಂಡಗಳಿಗೆ ಇದು ಕಷ್ಟಸಾಧ್ಯ. ಅಂದಮೇಲೆ ಎಚ್.ಎ.ಎಲ್. ೨೦೧೨ರಲ್ಲಿ ಮೈದಾನದಲ್ಲಿ ಪಾರಾಗಿದ್ದರೂ ಮರುವರ್ಷ ಅದೇ ಪರವಾನಗಿಯ ಬಾಗಿಲು ಅದರ ಎದುರಿಗೂ ಬರುತ್ತಿದ್ದಿತೆಂದು ಊಹಿಸುವುದು ಅಸಂಗತವಲ್ಲ. ಇಬ್ಬರಿಗೂ ಬಂದ ಗತಿ ಒಂದೇ. ಒಬ್ಬರಿಗೆ ಅದು ಅಂಕಗಳ ಮೂಲಕ ಬಂದಿತು, ಇನ್ನೊಬ್ಬರಿಗೆ ಕಾಗದದ ಮೂಲಕ.

೨೦೧೩ರಲ್ಲಿ ಬೆಂಗಳೂರಿಗೆ ಹೊಸ ತಂಡ ಬಂದಿತು. ಉಕ್ಕಿನ ಉದ್ಯಮದ ಜೆ.ಎಸ್.ಡಬ್ಲ್ಯು. ಸಮೂಹ ಸ್ಥಾಪಿಸಿದ ಬೆಂಗಳೂರು ಎಫ್.ಸಿ. ಕೆಳಗಿನ ದರ್ಜೆಯಿಂದ ಏರಿದುದಲ್ಲ. ನೇರ ಪ್ರವೇಶ ಪಡೆದುದು. ಅದೇ ಅಶೋಕನಗರದ ಮೈದಾನದಲ್ಲಿ ಆಡಿ, ೨೦೧೩-೧೪ರ ಮೊದಲ ಋತುವಿನಲ್ಲಿಯೇ ಐ-ಲೀಗನ್ನು ಗೆದ್ದಿತು. ೨೦೧೬ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯದವರೆಗೂ ಹೋಯಿತು. ಅದರ ಸಾಧನೆ ಶ್ಲಾಘ್ಯವೇ. ವೃತ್ತಿಪರ ವ್ಯವಸ್ಥೆಯಿಂದ ಎಂತಹ ಆಟ ಸಾಧ್ಯವೆಂಬುದನ್ನು ಅದು ಕನ್ನಡ ನಾಡಿಗೆ ತೋರಿಸಿತು. ಎರಡೇ ವರ್ಷಗಳ ಅಂತರದಲ್ಲಿ ಒಂದೇ ಹುಲ್ಲಿನ ಮೇಲೆ ಒಂದು ವ್ಯವಸ್ಥೆ ಮುಳುಗಿ ಇನ್ನೊಂದು ಉದಯಿಸಿದುದು ಇತಿಹಾಸದಲ್ಲಿ ಅಪರೂಪ. ೨೦೧೪ರಲ್ಲಿ ಆರಂಭವಾದ ಇಂಡಿಯನ್ ಸೂಪರ್ ಲೀಗಿನಲ್ಲಿ ಮೊದಲ ಹತ್ತು ವರ್ಷ ಯಾವ ತಂಡವೂ ಹಿಂಬಡ್ತಿ ಹೊಂದಲಿಲ್ಲ. ಹಿಂಬಡ್ತಿಯ ಕಟ್ಟಳೆ ಬಡ ತಂಡಗಳಿದ್ದ ಲೀಗಿಗೆ ಮಾತ್ರ ಉಳಿಯಿತು. ಅಲ್ಲಿ ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು ಎಂಬ ಮತ್ತೊಂದು ಹೊಸ ತಂಡ ೨೦೨೪ರಲ್ಲಿ ಮುಂಬಡ್ತಿ ಪಡೆದು, ೨೦೨೪-೨೫ರ ಋತುವಿನ ಕೊನೆಗೆ ಹಿಂಬಡ್ತಿ ಹೊಂದಿತು.

೭

ಈ ವಿವೇಚನೆಯಿಂದ ಎರಡು ಮಾತುಗಳು ಸಿದ್ಧವಾಗುತ್ತವೆ. ಮೊದಲನೆಯದು, ೨೦೧೧-೧೨ರ ಸೋಲಿಗೆ ಆಟಗಾರರ ಅಸಾಮರ್ಥ್ಯವೊಂದೇ ಕಾರಣವೆಂದು ಹೇಳುವುದು ಸರಿಯಲ್ಲ. ಒಂದು ಬಗೆಯ ಆಶ್ರಯಕ್ಕೆ ಹೊಂದಿಕೊಂಡ ತಂಡ ಇನ್ನೊಂದು ಬಗೆಯ ಆಶ್ರಯಕ್ಕಾಗಿ ರಚಿತವಾದ ಲೀಗಿನಲ್ಲಿ ಆಡಿತು. ಎರಡನೆಯದು, ಹೊಸ ವ್ಯವಸ್ಥೆ ಆಟವನ್ನು ಮೇಲಕ್ಕೆತ್ತಿತು; ಆದರೆ ಹಳೆಯ ವ್ಯವಸ್ಥೆ ಕೊಟ್ಟಿದ್ದ ಒಂದನ್ನು ಅದು ಕೊಡಲಾರದು. ಆಟ ಮುಗಿದ ಮೇಲಿನ ಮೂವತ್ತು ವರ್ಷಗಳ ಅನ್ನವೇ ಅದು. ಕರ್ನಾಟಕವು ೫೪ ವರ್ಷಗಳ ತರುವಾಯ ೨೦೨೩ರ ಮಾರ್ಚಿಯಲ್ಲಿ ರಿಯಾದಿನಲ್ಲಿ ಮೇಘಾಲಯವನ್ನು ೩-೨ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಮರಳಿ ಪಡೆದಾಗ ನಾಡೆಲ್ಲ ಹರ್ಷಿಸಿತು. ಆ ಗೆದ್ದ ಹುಡುಗರು ನಲವತ್ತನೆಯ ವಯಸ್ಸಿನಲ್ಲಿ ಏನು ಮಾಡುವರೆಂಬ ಪ್ರಶ್ನೆಗೆ ೧೯೬೮ರ ವಿಜಯಿಗಳ ಕಾಲದಲ್ಲಿ ಸಿದ್ಧ ಉತ್ತರವಿದ್ದಿತು. ಇಂದು ಅಷ್ಟು ಸುಲಭವಾದ ಉತ್ತರವಿಲ್ಲ.

ಕಡೆಗೆ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಕಾರ್ಖಾನೆಯ ತಂಡಗಳ ಚರಿತ್ರೆಯ ಸಾಮಗ್ರಿ ಗ್ರಂಥಾಲಯಗಳಲ್ಲಿ ಹೆಚ್ಚಾಗಿ ದೊರೆಯದು. ಅದು ನಿವೃತ್ತ ನೌಕರರ ಪೆಟ್ಟಿಗೆಗಳಲ್ಲಿ, ಹಳದಿಯಾದ ಛಾಯಾಚಿತ್ರಗಳಲ್ಲಿ, ಗುರುತಿನ ಚೀಟಿಗಳಲ್ಲಿ, ಅವರ ನೆನಪಿನಲ್ಲಿ ಇದೆ. ಅವರೆಲ್ಲ ಮುಪ್ಪಿನವರು. ಬೆಂಗಳೂರಿನಲ್ಲಿ ಓದುವ ನಮ್ಮ ಭಾಗದ ವಿದ್ಯಾರ್ಥಿಗಳು ರಜೆಯ ಒಂದು ದಿನವನ್ನು ಇಂತಹ ಒಬ್ಬರ ಮನೆಯಲ್ಲಿ ಕಳೆದು ಅವರ ಮಾತನ್ನು ಬರೆದುಕೊಂಡರೆ ಅದೊಂದು ಉಪಕಾರ. ನಮ್ಮ ಸೀಮೆಯಲ್ಲಿಯೇ ಇರುವವರು ಊರ ಗರಡಿಯ ಹಿರಿಯ ಪೈಲವಾನರಲ್ಲಿ ಇದೇ ಕೆಲಸವನ್ನು ಆರಂಭಿಸಬಹುದು. ವಾತಾಪಿಯ ಬಂಡೆಯ ಮೇಲೆ ಗೆದ್ದವನು ತನ್ನ ಮಾತನ್ನು ತಾನೇ ಕೆತ್ತಿಸಿಕೊಂಡನು. ಸೋತವರ ಮಾತನ್ನು ಬರೆದಿಡುವ ಕೆಲಸ ಇತಿಹಾಸದ ವಿದ್ಯಾರ್ಥಿಯದು.